ಮಕ್ಕಳ ಡಬ್ಬದಲ್ಲಿ ಸಿಕ್ಕ ಗುಬ್ಬಿ

ಫೆಬ್ರವರಿ ೧೨

ಚಿಕ್ಕಮ್ಮನಿಗೆ ಇಲಿಮರಿಯ ನಮಸ್ಕಾರ.

ಫೋನು ಮಾಡಿದರೆ ನೀನು ‘ಹೂಂ, ಸರಿ, ಇಡ್ತೀನಿ’ ಎನ್ನುವುದಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಚಿಕ್ಕಪ್ಪ ಎತ್ತಿದರಂತೂ ನಾನು ಯಾರೆಂದು ಅವರ ಕಿವಿಗೆ ಮುಟ್ಟಿಸುವಷ್ಟರಲ್ಲಿ ನನ್ನ ಊಟದ ಬಿಡುವು ಮುಗಿದಿರುತ್ತದೆ. ಅದಕ್ಕೇ ಕಾಗದ. ಒಂದು ವಿಷಯ ಕೇಳಬೇಕಿದೆ. ನೇರವಾಗಿ ಕೇಳಿದರೆ ಇಲ್ಲ ಎಂದುಬಿಡುತ್ತೀಯ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಪೂರ್ತಿ ಓದು.

ನಾನು ಕೆಲಸ ಮಾಡುವ ಹಳೆ ರೆಕಾರ್ಡಿನ ಅಂಗಡಿಯನ್ನು ನೀನು ನೋಡಿಲ್ಲ. ಚಪ್ಪಲಿ ರಿಪೇರಿಯವನಿಗೂ ಬೀಗ ಮಾಡುವವನಿಗೂ ನಡುವೆ ಸಿಕ್ಕಿಕೊಂಡಿರುವ ಉದ್ದನೆಯ ಕೋಣೆ ಅದು. ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಅಂಟಿಕೊಳ್ಳಬೇಕು. ಬಂದ ರೆಕಾರ್ಡುಗಳನ್ನು ಹಿಂದಿನ ಕೋಣೆಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ನಮ್ಮ ಯಜಮಾನಿ ಈ ಅಂಗಡಿ ಇಡುವ ಮೊದಲು ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದರು. ಈಗಲೂ ರೆಕಾರ್ಡನ್ನು ದೀಪದ ಕೆಳಗೆ ಹಿಡಿದು, ಓರೆ ಮಾಡಿ ನೋಡಿ, ‘ಇಲ್ಲಿ ಹುಳುಕಿದೆ’ ಎನ್ನುತ್ತಾರೆ. ಎರಡೂ ಬದಿ ಕೇಳದೆ ಯಾವುದಕ್ಕೂ ಬೆಲೆ ಹಚ್ಚುವುದಿಲ್ಲ ಎಂಬುದು ಅವರ ಹಟ.

ಕಿಟಕಿಯ ಕೆಳಗೆ, ಪುಟ್ಟ ಕೈಗಳಿಗೆ ಎಟುಕುವಂತೆ, ಮಕ್ಕಳ ಹಾಡಿನ ಡಬ್ಬ ಇಟ್ಟಿದ್ದಾರೆ. ಅದರಲ್ಲಿ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಒಂದು ರೆಕಾರ್ಡು ಬಿದ್ದಿತ್ತು. ಹೊದಿಕೆಯ ಮೇಲೆ ಧ್ವನಿವರ್ಧಕದ ಮೇಲೆ ಕೂತ ಹಕ್ಕಿಯ ಚಿತ್ರ. ಕೆಳಗೆ ‘ಗುಬ್ಬಿ’ ಎಂದು ಬರೆಯದಿದ್ದರೆ ಅದನ್ನು ಕೋಳಿಯೆಂದೇ ತಿಳಿಯಬೇಕಿತ್ತು. ಹಿಂಬದಿಯಲ್ಲಿ ಹಾಡುಗಳ ಹೆಸರು, ‘ಬರೆದದ್ದೂ ಹಾಡಿದ್ದೂ ಗುಬ್ಬಿಯೇ’ ಎಂಬ ಒಂದು ಸಾಲು, ಅಷ್ಟೆ. ಊರಿಲ್ಲ, ವಿಳಾಸವಿಲ್ಲ. ಹಿಂದೊಮ್ಮೆ ಹಾಕಿ ಕೇಳಿದ್ದೆ. ಕೀಚಲು ದನಿಯ ಚಿಕ್ಕ ಹುಡುಗಿಯೊಬ್ಬಳು, ಆಟಿಕೆಯಂಥ ಗಿಟಾರು ಹಿಡಿದು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬ ಹಾಗೆ ಹಾಡುಗಳನ್ನು ಮುಗಿಸಿ ಓಡುತ್ತಿದ್ದಳು. ನಕ್ಕು ವಾಪಸು ಇಟ್ಟಿದ್ದೆ.

ಕಳೆದ ವಾರ ಕೌಂಟರಿನ ಮೇಲಿನ ಪ್ಲೇಯರಿನ ಬೆಲ್ಟು ಸಡಿಲವಾಯಿತು. ಏನು ಹಾಕಿದರೂ ತೂಕಡಿಸುತ್ತ ಹಾಡತೊಡಗಿತು. ಎಷ್ಟು ನಿಧಾನವಾಗಿದೆ ನೋಡೋಣ, ಗೀರು ಬಿದ್ದರೂ ಚಿಂತೆಯಿಲ್ಲದ್ದು ಒಂದು ತಾ ಎಂದರು ಯಜಮಾನಿ. ನಾನು ಗುಬ್ಬಿಯನ್ನು ತಂದು ಹಾಕಿದೆ.

ಚಿಕ್ಕಮ್ಮ, ಆವತ್ತು ಆ ಹುಡುಗಿ ಬರಲೇ ಇಲ್ಲ. ತುಂಬು ದನಿಯ ಹೆಂಗಸೊಬ್ಬಳು ಬಂದಳು. ಅವಸರವಿಲ್ಲ, ಗಿಟಾರು ಗಿಟಾರಿನ ಹಾಗೇ ಇದೆ. ಅವಳು ಹಾಡಿದ್ದು ಇದು:

ಒಣಗಿದ ಬಟ್ಟೆ ಮಡಚುವಾಗ
ನಿನ್ನಂಗಿಯ ತೋಳು ನನ್ನ ಹೆಗಲಿಗೆ ಬಿತ್ತು,
ತೆಗೆಯಲಿಲ್ಲ ನಾನು, ಹಾಗೇ ನಿಂತೆ
ಸ್ವಲ್ಪ ಹೊತ್ತು.

‘ಸ್ವಲ್ಪ’ ಆದ ಮೇಲೆ ಅವಳು ಒಂದು ಉಸಿರು ತಡೆದಳು. ಆಮೇಲೆ ‘ಹೊತ್ತು’ ಎಂದಳು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತು.

ಆ ಉಸಿರು ನನಗೆ ಗೊತ್ತು. ರಜೆಯಲ್ಲಿ ನಿಮ್ಮ ಮನೆಗೆ ಬಂದಾಗೆಲ್ಲ ಸ್ಟೇಷನ್ನಿನ ನಿನ್ನ ಕೋಣೆಯಲ್ಲಿ, ಮೇಜಿನ ಕೆಳಗೆ, ನಿನ್ನ ಚಪ್ಪಲಿಯ ಪಕ್ಕ ಕೂತು ಬೆಳೆದವಳು ನಾನು. ನೀನು ತುಟಿಗೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿ, ಗುಂಡಿ ಒತ್ತಿ, ಗಾಡಿ ಎಲ್ಲಿಂದ ಬರುತ್ತಿದೆ ಎಂದು ಹೇಳಿ, ಪ್ಲಾಟ್‌ಫಾರ್ಮಿನ ನಂಬರಿಗೆ ಮೊದಲು ಒಂದು ಉಸಿರು ತಡೆಯುತ್ತಿದ್ದೆ. ಇಡೀ ಸ್ಟೇಷನ್ನು ಸೂಟ್‌ಕೇಸು ಎತ್ತಿಕೊಂಡು ಆ ಉಸಿರಿಗೆ ಕಾಯುತ್ತಿತ್ತು.

ಈಗ ಹೇಳು. ಗುಬ್ಬಿ ನೀನೇ ಅಲ್ಲವಾ?

ನಿನ್ನ
ಇಲಿಮರಿ


ಫೆಬ್ರವರಿ ೨೮

ಇಲಿಮರಿಗೆ ಆಶೀರ್ವಾದ.

ಹೌದು, ನಾನೇ. ತೃಪ್ತಿಯಾಯಿತಲ್ಲ? ಇನ್ನು ಅದನ್ನು ಎಲ್ಲಿಂದ ತೆಗೆದೆಯೋ ಅಲ್ಲೇ ಇಡು. ಇಡದಿದ್ದರೆ ಇನ್ನೂ ಒಳ್ಳೆಯದು, ಮೊಣಕಾಲಿಗೆ ಕೊಟ್ಟು ಎರಡು ಹೋಳು ಮಾಡಿ ಎಸೆ.

ನೀನು ಬಿಡುವವಳಲ್ಲ, ತಲೆ ತಿನ್ನುತ್ತೀಯ ಎಂದು ಗೊತ್ತು. ಒಂದೇ ಸಲ ಹೇಳುತ್ತೇನೆ, ಮತ್ತೆ ಕೇಳಬೇಡ. ಆಗ ನಾನು ಹಾಡು ಕಟ್ಟುತ್ತಿದ್ದೆ. ಯಾರೂ ಕಲಿಸಿದ್ದಲ್ಲ. ಎರಡು ಗಾಡಿಗಳ ನಡುವೆ ಹೊತ್ತು ಹೋಗದೆ ಬರುತ್ತಿದ್ದವು. ನಿನ್ನ ಚಿಕ್ಕಪ್ಪ ಸ್ಟೇಷನ್ನಿನ ಮೈಕು, ಸ್ಪೀಕರು, ಟೇಪ್ ಮೆಷಿನ್ನು ಎಲ್ಲಕ್ಕೂ ಮೆಕ್ಯಾನಿಕ್. ಮಧ್ಯಾಹ್ನ ಗಾಡಿಯಿಲ್ಲದ ಹೊತ್ತಿನಲ್ಲಿ ನನ್ನ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಹೊದಿಸಿ, ನನ್ನ ಹಾಡುಗಳನ್ನು ಆ ಮೆಷಿನ್ನಿನಲ್ಲೇ ತುಂಬಿದರು. ಅದು ಇಲಾಖೆಯ ಮೆಷಿನ್ನು, ಇಲಾಖೆಯ ಕೋಣೆ. ಗೊತ್ತಾದರೆ ಇಬ್ಬರ ಕೆಲಸಕ್ಕೂ ಕುತ್ತು. ಅದಕ್ಕೇ ಹೆಸರು ಹಾಕಲಿಲ್ಲ, ಗುಬ್ಬಿ ಎಂದು ಹಾಕಿದೆವು. ಆ ಕೋಳಿಯನ್ನು ಬರೆದವರೂ ಅವರೇ.

ಟೇಪನ್ನು ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಗೆ ಕಳಿಸಿದೆವು. ಟೇಪು ವಾಪಸು ಬರಲಿಲ್ಲ, ರೆಕಾರ್ಡುಗಳು ಬಂದವು. ಪಕ್ಕದ ಮನೆಯವರ ಪ್ಲೇಯರಿನಲ್ಲಿ ಒಬ್ಬಳೇ ಹಾಕಿ ಕೇಳಿದೆ, ನಾಚಿಕೆಯಾಗಿ ನಿನ್ನ ಚಿಕ್ಕಪ್ಪನಿಗೆ ಕೇಳಿಸಲೇ ಇಲ್ಲ. ನೀನು ಕೇಳಿ ನಕ್ಕೆಯಲ್ಲ, ಅದೇ. ರೇಡಿಯೋದವರಿಗೂ ಒಂದು ಕಳಿಸಿದ್ದೆವು. ‘ಮಕ್ಕಳ ಕಾರ್ಯಕ್ರಮಕ್ಕೆ ಬೇರೆ ವಿಭಾಗವಿದೆ, ಬಾಲಕಿಯ ತಂದೆತಾಯಿ ಅಲ್ಲಿಗೆ ಬರೆಯಬಹುದು’ ಎಂದು ಉತ್ತರ ಬಂತು. ಬಾಲಕಿಗೆ ಆಗ ತಲೆಯಲ್ಲಿ ಬಿಳಿ ಕೂದಲು ಶುರುವಾಗಿತ್ತು.

ಮನುಷ್ಯರಿಗೆ ತಮ್ಮ ದನಿ ತಮಗೆ ಚೆಂದವಾಗಿಯೇ ಕೇಳಿಸುತ್ತದೆ, ಹೊರಗಿನವರಿಗೆ ಕೇಳಿಸುವುದು ಬೇರೆ ಎಂದು ಆವತ್ತು ತಿಳಿಯಿತು. ಗಾಡಿ ಹೇಳುವುದಕ್ಕೆ ನನ್ನ ದನಿ ಸಾಕು, ಹಾಡುವುದಕ್ಕಲ್ಲ ಎಂದುಕೊಂಡೆ. ಗಿಟಾರು ಕೊಟ್ಟುಬಿಟ್ಟೆ. ಅದರಿಂದ ನಷ್ಟವೇನೂ ಆಗಲಿಲ್ಲ. ನಾನು ಬಾಯಿ ತೆರೆದರೆ ಊರಿಗೆ ಊರೇ ಎದ್ದು ಓಡುತ್ತಿತ್ತು. ಯಾವ ಗಾಯಕಿಗೆ ಆ ಭಾಗ್ಯವಿದೆ ಹೇಳು?

ಈಗ ನನ್ನ ಜಾಗದಲ್ಲಿ ತುಂಡು ತುಂಡು ಜೋಡಿಸಿದ ಮೆಷಿನ್ನಿನ ದನಿ ಬಂದಿದೆ. ಸ್ಟೇಷನ್ನಿನಿಂದ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ನಂಬರಿಗೆ ಮೊದಲು ಉಸಿರೇ ತಡೆಯುವುದಿಲ್ಲ, ದಡಕ್ಕನೆ ಹೇಳಿಬಿಡುತ್ತದೆ. ಜನ ಹೇಗೆ ಸರಿಯಾದ ಗಾಡಿ ಹತ್ತುತ್ತಾರೋ ನಾ ಕಾಣೆ.

ಅಮ್ಮನಿಗೆ ಹೇಳಬೇಡ. ಯಾರಿಗೂ ಹೇಳಬೇಡ.

ಚಿಕ್ಕಮ್ಮ


ಮಾರ್ಚ್ ೯

ಪ್ರೀತಿಯ ಚಿಕ್ಕಮ್ಮ,

ನಾನು ಅದನ್ನು ಮುರಿದಿಲ್ಲ. ಮುರಿಯುವುದೂ ಇಲ್ಲ. ಬೈಯುವುದಾದರೆ ಈಗಲೇ ಬೈದುಬಿಡು, ಆಮೇಲೆ ಮುಂದೆ ಓದು.

ನೀನು ನನ್ನ ಕಾಗದವನ್ನು ಅರ್ಧ ಓದಿ ಸಿಟ್ಟು ಮಾಡಿಕೊಂಡೆ ಎಂದು ಕಾಣುತ್ತದೆ. ನಾನು ಎರಡು ಸಲ ಕೇಳಿದ್ದೆ. ಮೊದಲನೆಯ ಸಲ ಕೇಳಿ ನಕ್ಕಿದ್ದು ನಿಜ, ತಪ್ಪಾಯಿತು. ಎರಡನೆಯ ಸಲ ಬೆಲ್ಟು ಸಡಿಲವಾಗಿತ್ತು, ರೆಕಾರ್ಡು ನಿಧಾನವಾಗಿ ತಿರುಗುತ್ತಿತ್ತು. ಆಗ ಕೇಳಿಸಿದ್ದು ನಿನ್ನ ದನಿ. ನಿನ್ನ ದನಿಯ ಹಾಗೆ ಅಲ್ಲ, ನಿನ್ನದೇ. ಮೇಜಿನ ಕೆಳಗೆ ಕೂತು ಕೇಳಿದವಳು ಹೇಳುತ್ತಿದ್ದೇನೆ, ನಂಬು.

ಆವತ್ತು ಯಜಮಾನಿ ಏನು ಮಾಡಿದರು ಕೇಳು. ಕೈಯಲ್ಲಿ ಹೊಸ ಬೆಲ್ಟು ಹಿಡಿದುಕೊಂಡವರು ಹಾಕದೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಒಂದು ಬದಿ ಮುಗಿಯಿತು. ತಾವೇ ಎದ್ದು ಇನ್ನೊಂದು ಬದಿ ಹಾಕಿದರು. ಹಳೆಯ ಗಿರಾಕಿಯೊಬ್ಬರು ಏನೋ ಕೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆದರು. ಪೂರ್ತಿ ಮುಗಿದ ಮೇಲೆ ನನಗೆ, ‘ಇದಕ್ಕೆ ಬೆಲೆ ಬರೀಬೇಡ’ ಎಂದರು. ಅವರ ಬಾಯಿಂದ ಆ ಮಾತು ನಾನು ಹಿಂದೆ ಕೇಳಿಲ್ಲ. ಮರುದಿನ ಮನೆಯಿಂದ ತಮ್ಮ ಸ್ವಂತ ಪ್ಲೇಯರು ಹೊತ್ತು ತಂದರು. ಅದಕ್ಕೆ ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ ಇದೆ. ಈಗ ದಿನಾ ಒಂದು ಸಲವಾದರೂ ನೀನು ಅಂಗಡಿಯಲ್ಲಿ ಹಾಡುತ್ತೀಯ. ಗಿರಾಕಿಗಳು ಡಬ್ಬದೊಳಗೆ ಆಡಿಸುತ್ತಿದ್ದ ಕೈ ನಿಲ್ಲಿಸಿ, ಯಾರಿದು ಎಂದು ಕೇಳುತ್ತಾರೆ. ನಮ್ಮ ಚಿಕ್ಕಮ್ಮ ಎಂದು ನಾಲಗೆಯ ತುದಿಗೆ ಬರುತ್ತದೆ. ನೀನು ಯಾರಿಗೂ ಹೇಳಬೇಡ ಎಂದಿದ್ದೀಯ, ನುಂಗಿಕೊಳ್ಳುತ್ತೇನೆ. ನುಂಗಿ ನುಂಗಿ ಹೊಟ್ಟೆ ಉಬ್ಬಿದೆ.

ಎರಡು ಮಾತು ಉಳಿದಿವೆ. ಕಾರ್ಖಾನೆಯವರು ಟೇಪನ್ನು ಹೇಗಿತ್ತೋ ಹಾಗೆ ಅಚ್ಚು ಹಾಕಿದ್ದರೆ ದನಿ ಯಾಕೆ ಏರಿತು? ಆ ಟೇಪ್ ಮೆಷಿನ್ನು ಎಂಥದು, ಚಿಕ್ಕಪ್ಪನನ್ನು ಕೇಳು. ಇನ್ನೊಂದು, ಗುಂಡಿಯನ್ನು ಎಲ್ಲಿಗೆ ನಿಲ್ಲಿಸಬೇಕೆಂದು ನಮಗಿಬ್ಬರಿಗೂ ತಿಳಿಯುತ್ತಿಲ್ಲ. ಕೂದಲೆಳೆಯಷ್ಟು ಈಚೆಗೆ ಬಂದರೆ ದನಿ ತೆಳುವಾಗುತ್ತದೆ, ಆಚೆಗೆ ಹೋದರೆ ಭಾರವಾಗುತ್ತದೆ. ಸರಿಯಾದ ಜಾಗ ಗೊತ್ತಿರುವುದು ಒಬ್ಬಳಿಗೇ.

ಬಂದು ಕೇಳು ಚಿಕ್ಕಮ್ಮ.

ನಿನ್ನ
ಇಲಿಮರಿ


ಏಪ್ರಿಲ್ ೨

ಇಲಿಮರಿಗೆ,

ಉತ್ತರ ತಡವಾಯಿತು. ಮನೆಯಲ್ಲಿ ಒಂದು ರಾದ್ಧಾಂತ ನಡೆದುಹೋಯಿತು, ನಿನ್ನಿಂದಲೇ.

ನಿನ್ನ ಕಾಗದವನ್ನು ನಿನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರಿಗೆ ಕೇಳಿಸುವಂತೆ ಓದುವುದೆಂದರೆ ಬೀದಿಗೆಲ್ಲ ಓದಿದಂತೆ. ಮೆಷಿನ್ನು ಎಂಥದು ಎಂಬಲ್ಲಿಗೆ ಬಂದಾಗ ಅವರು ಕುರ್ಚಿಯಿಂದ ಎದ್ದು, ಏಣಿ ಹಾಕಿ, ಅಟ್ಟ ಹತ್ತಿದರು. ಆ ಮೆಷಿನ್ನನ್ನು ಸ್ಟೇಷನ್ನಿನವರು ಗುಜರಿಗೆ ಹಾಕಿದಾಗ ಇವರು ಮನೆಗೆ ಹೊತ್ತು ತಂದಿದ್ದರು, ನಾನು ಬೇಡವೆಂದು ಎಷ್ಟು ಬಡಕೊಂಡರೂ ಕೇಳದೆ. ಅದನ್ನು ಕೆಳಗಿಳಿಸಿ, ಮೇಜಿನ ಮೇಲಿಟ್ಟು, ಮುಚ್ಚಳ ಬಿಚ್ಚಿ, ಒಳಗಿನಿಂದ ಒಂದು ಪುಟ್ಟ ಹಿತ್ತಾಳೆಯ ಗಾಲಿ ತೆಗೆದು ಅಂಗೈ ಮೇಲಿಟ್ಟುಕೊಂಡು ಕೂತರು.

ಆಗ ನನಗೂ ನೆನಪಾಯಿತು. ದಿನಾ ಹೇಳುವ ಸೂಚನೆಗಳನ್ನು ತುಂಬಿಡಲು ಸ್ಟೇಷನ್ನಿಗೆ ಇಲಾಖೆ ಕೊಡುತ್ತಿದ್ದ ಟೇಪು ಯಾವತ್ತೂ ಸಾಲುತ್ತಿರಲಿಲ್ಲ. ಇವರು ಆ ಗಾಲಿಗೆ ಅರ ಹಿಡಿದು, ಉಜ್ಜಿ ಉಜ್ಜಿ ಸಣ್ಣ ಮಾಡಿದ್ದರು. ಗಾಲಿ ಸಣ್ಣದಾದರೆ ಟೇಪು ನಿಧಾನವಾಗಿ ಓಡುತ್ತದೆ, ಅಷ್ಟೇ ಟೇಪಿನಲ್ಲಿ ಹೆಚ್ಚು ಮಾತು ಹಿಡಿಯುತ್ತದೆ. ಅದೇ ಮೆಷಿನ್ನಿನಲ್ಲಿ ತುಂಬಿ ಅದರಲ್ಲೇ ನುಡಿಸುತ್ತಿದ್ದುದರಿಂದ ದನಿಯಲ್ಲಿ ಏನೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಸ್ಟೇಷನ್ ಮಾಸ್ತರರು ಬೆನ್ನು ತಟ್ಟಿದ್ದರು. ಇವರು ಆ ಜಾಣತನವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಆಮೇಲೆ ಅದೇ ರೂಢಿಯಾಗಿ ಇಬ್ಬರಿಗೂ ಮರೆತೇಹೋಗಿತ್ತು. ಹಾಡು ತುಂಬಿದ ಟೇಪು ಹೋದದ್ದು ಕಾರ್ಖಾನೆಗೆ. ಅಲ್ಲಿನ ಮೆಷಿನ್ನಿನ ಗಾಲಿಯನ್ನು ಯಾರೂ ಉಜ್ಜಿರಲಿಲ್ಲ.

ಕೋಪ ಬಂತೇ ಎಂದರೆ, ಬಂತು. ಸುಳ್ಳು ಯಾಕೆ ಹೇಳಲಿ. ಒಂದು ದಿನ ಪೂರ್ತಿ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾದದ್ದು ಸಂಜೆ. ಅವರು ಟೀಗೆ ಸಕ್ಕರೆ ಹಾಕಿಕೊಳ್ಳದೆ ಕುಡಿಯತೊಡಗಿದರು, ನಾನೇ ಎದ್ದು ಹಾಕಿದೆ. ಆ ಮನುಷ್ಯ ಕಿಟಕಿಗೆ ಕಂಬಳಿ ಹೊದಿಸಿ, ಕೆಲಸವನ್ನು ಪಣಕ್ಕಿಟ್ಟು, ನನ್ನ ಹಾಡು ತುಂಬಿಸಿದವರು. ಇನ್ಯಾರು ಮಾಡುತ್ತಿದ್ದರು?

ಆದರೆ ಬರುವ ಮಾತು ಬೇಡ. ಯಾಕೆಂದು ನಿನಗೆ ಮಾತ್ರ ಹೇಳುತ್ತೇನೆ. ಇಷ್ಟು ವರ್ಷ ನನ್ನ ದನಿಯೇ ಸರಿಯಿಲ್ಲ ಎಂದುಕೊಂಡು ನೆಮ್ಮದಿಯಾಗಿದ್ದೆ. ಈಗ ನೋಡಿದರೆ ಗಾಲಿ ಸರಿಯಿರಲಿಲ್ಲ. ಅದೂ ಒಂದು ಸಮಾಧಾನವೇ. ಗಾಲಿ ಸರಿಯಿದ್ದಿದ್ದರೆ ನಾನು ಏನೋ ಆಗಿರುತ್ತಿದ್ದೆ ಎಂದು ಮುದುಕಿಯಾಗಿ ಹೇಳಿಕೊಳ್ಳಬಹುದು. ಬಂದು, ಸರಿಯಾದ ವೇಗದಲ್ಲಿ ಕೇಳಿ, ಆಗಲೂ ಅದು ಸಾಧಾರಣ ಹಾಡು ಎಂದು ನನ್ನ ಕಿವಿಗೇ ಅನ್ನಿಸಿದರೆ? ಆಮೇಲೆ ಯಾರ ಮೇಲೆ ಹೊರಿಸಲಿ? ನಿನ್ನ ಕಿವಿಯಲ್ಲಿ ಪ್ರೀತಿ ಇದೆ, ನಿನಗೆ ತಿಳಿಯುವುದಿಲ್ಲ. ಯಜಮಾನಿಗೆ ಹಲ್ಲಿನ ವಿಷಯ ಗೊತ್ತಿರಬಹುದು.

ನನಗೆ ಭಯವಾಗುತ್ತದೆ, ಅಷ್ಟೆ.

ಚಿಕ್ಕಮ್ಮ


ಏಪ್ರಿಲ್ ೧೦

ಚಿಕ್ಕಮ್ಮ,

ನಾನು ಇನ್ನು ಒತ್ತಾಯ ಮಾಡುವುದಿಲ್ಲ.

ಮಂಗಳವಾರ ಅಂಗಡಿಗೆ ರಜೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಆವತ್ತು ಬೀದಿಯಲ್ಲಿ ಚಪ್ಪಲಿಯವನೂ ಇರುವುದಿಲ್ಲ, ಬೀಗದವನೂ ಇರುವುದಿಲ್ಲ. ನೀನು ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಅರ್ಧಕ್ಕೇ ಎದ್ದು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಯಾವ ಮಂಗಳವಾರವಾದರೂ ಸರಿ.

ಚಿಕ್ಕಪ್ಪನ ಟೀಗೆ ಸಕ್ಕರೆ ಹಾಕುತ್ತಿರು.

ನಿನ್ನ
ಇಲಿಮರಿ


ಮೇ ೧೭

ಮುಂದಿನ ಮಂಗಳವಾರ ಬೆಳಗಿನ ಗಾಡಿಗೆ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ. ಗಾಡಿ, ಪ್ಲಾಟ್‌ಫಾರ್ಮು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ಚಿಕ್ಕಪ್ಪ ಮೊಣಕಾಲು ನೋವೆಂದು ಬರುವುದಿಲ್ಲವಂತೆ. ಮೊನ್ನೆ ಅಟ್ಟ ಹತ್ತುವಾಗ ಆ ನೋವು ಎಲ್ಲಿತ್ತೋ.

ಚಿಕ್ಕಮ್ಮ


ಮೇ ೨೯

ಚಿಕ್ಕಪ್ಪನವರಿಗೆ ನಮಸ್ಕಾರ.

ಈ ಕಾಗದ ನಿಮಗೆ. ಚಿಕ್ಕಮ್ಮನೇ ಬರೆಯಲು ಹೇಳಿದಳು. ‘ನಾನು ಹೇಳಿದ್ರೆ ಅವರಿಗೆ ಅರ್ಧ ಕೇಳ್ಸುತ್ತೆ, ಇನ್ನರ್ಧ ಅವರೇ ಸೇರಿಸ್ಕೋತಾರೆ. ನೀನು ನಡೆದಿದ್ದು ನಡೆದ ಹಾಗೆ ಬರಿ’ ಎಂದಳು. ಅದಕ್ಕೇ ಏನೂ ಬಿಡದೆ ಬರೆಯುತ್ತೇನೆ.

ಅವಳು ಬಂದಾಗ ಬೆಳಗಿನ ಬಿಸಿಲು ಕಿಟಕಿಯ ಗಾಜಿಗೆ ಬಿದ್ದಿತ್ತು. ಆ ಸೆಕೆಯಲ್ಲೂ ನಿಮ್ಮ ಸ್ಟೇಷನ್ನಿನ ನೀಲಿ ಸ್ವೆಟರು ಹಾಕಿಕೊಂಡಿದ್ದಳು. ಹೊಸಿಲು ದಾಟುವ ಮೊದಲೇ ನಮ್ಮೂರಿನ ಸ್ಟೇಷನ್ನಿನಲ್ಲಿ ಗಾಡಿ ಹೇಳುವ ದನಿ ಎಷ್ಟು ಕೆಟ್ಟದಾಗಿದೆ ಎಂದು ಶುರುಮಾಡಿದಳು. ಹೆದರಿಕೆಯಾದಾಗ ಅವಳು ಹಾಗೆ ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುತ್ತಾಳೆಂದು ನಿಮಗೆ ನಾನು ಹೇಳಬೇಕೇ.

ರೆಕಾರ್ಡು ಕೌಂಟರಿನ ಮೇಲಿತ್ತು. ಹೊದಿಕೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ‘ಕೋಳೀನೇ’ ಎಂದಳು. ಕ್ಷಮಿಸಿ ಚಿಕ್ಕಪ್ಪ, ನಡೆದಿದ್ದು ನಡೆದ ಹಾಗೆ. ಆದರೆ ಹಾಗೆಂದಾಗ ಹೆಬ್ಬೆರಳಿನಿಂದ ಅದರ ರೆಕ್ಕೆ ಸವರುತ್ತಿದ್ದಳು.

ಕೂರು ಎಂದರೆ ಕೂರಲಿಲ್ಲ. ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು, ಈಗಲೇ ಹೊರಟೆ ಎನ್ನುವವಳ ಹಾಗೆ ನಿಂತಳು. ನಾನು ಗುಂಡಿ ತಿರುಗಿಸಲು ಹೋದರೆ ತಡೆದಳು. ಮೊದಲು ಹೇಗಿತ್ತೋ ಹಾಗೇ ಹಾಕು ಎಂದಳು. ಹಾಕಿದೆ. ಆ ಕೀಚಲು ದನಿಯನ್ನು, ಬಟ್ಟೆ ಮಡಚುವ ಹಾಡನ್ನೇ, ದವಡೆ ಬಿಗಿಹಿಡಿದು ಕೊನೆಯವರೆಗೂ ಕೇಳಿದಳು. ನನಗೆ ನೋಡಲಾಗಲಿಲ್ಲ. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಸರಿಯೆಂದು ಕೈಮಾಡಿ, ತಾನೇ ಮುಳ್ಳನ್ನು ಹಾಡಿನ ಮೊದಲಿಗೆ ತಂದಿಟ್ಟು, ಗುಂಡಿಯ ಮೇಲೆ ಬೆರಳಿಟ್ಟಳು.

ಕಣ್ಣು ಮುಚ್ಚಿಕೊಂಡೇ ತಿರುಗಿಸಿದಳು. ದನಿ ಇಳಿಯುತ್ತ ಬಂತು. ನಾನೂ ಯಜಮಾನಿಯೂ ನಿಲ್ಲಿಸುತ್ತಿದ್ದ ಜಾಗ ದಾಟಿಹೋಯಿತು. ಗಂಡಸಿನ ದನಿಯಾಗುವಷ್ಟು ಇಳಿಸಿ, ಮೂಗು ಮುರಿದು, ಮತ್ತೆ ಮೇಲಕ್ಕೆ ತಂದಳು. ಹಿಂದೆ ಮುಂದೆ, ಹಿಂದೆ ಮುಂದೆ. ನಾವು ನಿಲ್ಲಿಸುತ್ತಿದ್ದಲ್ಲಿಂದ ಇನ್ನೂ ಚೂರು ಕೆಳಗೆ ಅವಳ ಬೆರಳು ನಿಂತಿತು. ಹಾಡು ಕೊನೆಯ ಸಾಲಿಗೆ ಬಂದಿತ್ತು. ‘ಸ್ವಲ್ಪ’ ಎಂದು ರೆಕಾರ್ಡು ಉಸಿರು ತಡೆಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮನೂ ತಡೆದಳು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಅವಳು ಚೀಲವನ್ನು ನೆಲದ ಮೇಲೆ ಇಟ್ಟಳು.

ಆಮೇಲೆ ಸ್ಟೂಲಿನ ಮೇಲೆ ಕೂತು ಎರಡೂ ಬದಿ ಕೇಳಿದಳು. ನಡುವೆ ಬಾಗಿಲು ತೆಗೆದುಕೊಂಡು ಯಜಮಾನಿ ಬಂದರು. ಕೊಡೆ ಮರೆತು ಹೋಗಿದ್ದೆ ಎಂದರು. ಹೊರಗೆ ಸುಡುವ ಬಿಸಿಲು. ಅವರು ಕೊಡೆ ಹುಡುಕಲೂ ಇಲ್ಲ, ಬಾಗಿಲ ಬಳಿಯೇ ಗೋಡೆಗೊರಗಿ ನಿಂತರು. ಚಿಕ್ಕಮ್ಮ ತಲೆಯೆತ್ತಿ ನೋಡಲೂ ಇಲ್ಲ. ಕೊನೆಯ ಹಾಡು ಮುಗಿದು ಮುಳ್ಳು ಸುಮ್ಮನೆ ಸುತ್ತುತ್ತಿದ್ದಾಗ, ಯಾರಿಗೆಂದಿಲ್ಲದೆ ಹೇಳಿದಳು:

‘ಚೆನ್ನಾಗಿ ಹಾಡ್ತಾಳೆ ಈ ಹುಡುಗಿ.’

ಚಿಕ್ಕಪ್ಪ, ಅವಳು ಬೇರೆ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಯೇ ಇಲ್ಲ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಅವಳು ಸ್ವೆಟರಿನ ತೋಳು ಸರಿಮಾಡಿಕೊಂಡು, ಬಿಳಿ ಬಣ್ಣ ಇದ್ದರೆ ಕೊಡಿ ಎಂದು ಯಜಮಾನಿಯನ್ನು ಕೇಳಿದಳು. ಬೆಲೆ ಬರೆಯುವ ಬಿಳಿ ಶಾಯಿ ಕೊಟ್ಟರು. ಗುಂಡಿಯ ಮೇಲೊಂದು, ಅದರ ಎದುರಿಗೆ ಪ್ಲೇಯರಿನ ಅಂಚಿನ ಮೇಲೊಂದು ಚುಕ್ಕಿ ಇಟ್ಟಳು. ಇನ್ನು ಯಾರೂ ಅಂದಾಜು ಮಾಡಬೇಕಾಗಿಲ್ಲ.

ಯಜಮಾನಿ ಆಗ ಕೇಳಿದರು, ನೀವು ಯಾರು ಎಂದು. ನಾನು ತುಟಿ ಕಚ್ಚಿಕೊಂಡೆ. ಯಾರಿಗೂ ಹೇಳಬೇಡ ಎಂದವಳು ಅವಳು, ಅವಳೇ ಹೇಳಬೇಕು. ಚಿಕ್ಕಮ್ಮ ನೆಟ್ಟಗೆ ನಿಂತು, ಮೈಕಿನ ಮುಂದೆ ನಿಂತಾಗಿನ ಅದೇ ದನಿಯಲ್ಲಿ ಹೇಳಿದಳು:

‘ಗುಬ್ಬಿ. ಬರೆದವಳೂ ನಾನೇ, ಹಾಡಿದವಳೂ ನಾನೇ.’

ಆಮೇಲೆ ನಾನು ತಡೆಯಲಾರದೆ, ನಮ್ಮ ಚಿಕ್ಕಮ್ಮ, ನಮ್ಮ ಚಿಕ್ಕಮ್ಮ ಎಂದು ಎರಡು ಸಲ ಹೇಳಿಬಿಟ್ಟೆ. ಯಜಮಾನಿ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ರೆಕಾರ್ಡನ್ನು ಎಲ್ಲಿಡೋಣ ಎಂಬ ಮಾತು ಬಂತು. ಚಿಕ್ಕಮ್ಮ ಅದನ್ನು ಹೊದಿಕೆಯೊಳಗೆ ಹಾಕಿ, ಎದೆಗೆ ಹಿಡಿದುಕೊಂಡು, ಉದ್ದನೆಯ ಕೋಣೆಯ ಉದ್ದಕ್ಕೂ ಕಪಾಟುಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದುತ್ತ ಹೋದಳು. ‘ತಾವೇ ಬರೆದು ಹಾಡಿದವರು’ ಎಂಬ ಚೀಟಿಯ ಮುಂದೆ ನಿಂತಳು. ಅಲ್ಲಿದ್ದವರನ್ನು ಎರಡು ಬೆರಳಿನಿಂದ ಆಚೆ ಸರಿಸಿ, ಜಾಗ ಮಾಡಿ, ಕೋಳಿಯ ಮುಖ ಹೊರಗೆ ಕಾಣುವಂತೆ ಇಟ್ಟಳು. ಅದು ಮಾರುವುದಕ್ಕಲ್ಲ, ಕೇಳುವುದಕ್ಕೆ ಮಾತ್ರ ಎಂದು ಯಜಮಾನಿ ಬರೆದು ಅಂಟಿಸಿದ್ದಾರೆ. ಕೆಳಗೆ, ‘ಬಿಳಿ ಚುಕ್ಕಿಗೆ ತಿರುಗಿಸಿ ಕೇಳಿ’ ಎಂದೂ ಬರೆದಿದ್ದಾರೆ.

ಗಾಡಿ ಹತ್ತಿಸಲು ಹೋದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು, ಹಳೆಯ ಗಿಟಾರು ಎಲ್ಲಾದರೂ ಸಿಗುತ್ತದೆಯೇ ಎಂದು. ಯಾಕೆ ಎನ್ನುವಷ್ಟರಲ್ಲಿ ಗಾಡಿ ಹೊರಟಿತು. ಕೇಳಿಸಲಿಲ್ಲ ಎಂದು ಕೈಯಾಡಿಸಿದಳು. ಅವಳಿಗೆ ಕೇಳಿಸಿತ್ತು.

ನಿಮ್ಮ
ಇಲಿಮರಿ


ಜುಲೈ ೬

ಚಿ. ಇಲಿಮರಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಒಗೆಯಲು ಹಾಕುವಾಗ ನಿನ್ನ ಚಿಕ್ಕಮ್ಮ ತೆಗೆದು ಓದಿ, ಕೋಳಿಯ ಮಾತು ಬರೆಯಬೇಕಾಗಿರಲಿಲ್ಲ ಎಂದಳು. ನಾನು ಬರೆದದ್ದು ಗುಬ್ಬಿಯೇ. ಅಚ್ಚಿನವರು ದಪ್ಪ ಮಾಡಿದರು.

ಅವಳು ಬಂದ ದಿನ ಏನಾಯಿತು ಎಂದು ಕೇಳಿದೆ. ಗಾಡಿ ತಡವಾಯಿತು ಎಂದಳು, ಅಷ್ಟೆ. ಮಾರನೆಯ ದಿನ ಬೆಳಿಗ್ಗೆ ಮೆಷಿನ್ನನ್ನು ಅಟ್ಟಕ್ಕೆ ವಾಪಸು ಹಾಕಲು ಹೊರಟೆ. ಅಲ್ಲೇ ಮೇಜಿನ ಮೇಲೆ ಇರಲಿ ಎಂದು ಸನ್ನೆ ಮಾಡಿದಳು. ನಾನು ಏನೂ ಕೇಳದೆ ಲೇತ್ ಅಂಗಡಿಗೆ ಹೋಗಿ, ಪಕ್ಕದಲ್ಲೇ ನಿಂತು, ಮೆಷಿನ್ನು ಹೊಸದಾಗಿ ಬಂದಾಗ ಇದ್ದ ಅಳತೆಗೆ ಒಂದು ಹಿತ್ತಾಳೆ ಗಾಲಿ ಕಡೆಸಿಕೊಂಡು ಬಂದೆ. ಹಳೆಯ ಗಾಲಿಯನ್ನು ಅವಳು ಬಿಸಾಡಲು ಬಿಡಲಿಲ್ಲ. ದಾರ ಪೋಣಿಸಿ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದಾಳೆ. ನಾನು ಜಂಬ ಕೊಚ್ಚಿಕೊಳ್ಳಲು ಬಾಯಿ ತೆರೆದರೆ ಸಾಕು, ಅದನ್ನು ತೋರಿಸುತ್ತಾಳೆ.

ನೀನು ಕಳಿಸಿದ ಗಿಟಾರು ಸುರಕ್ಷಿತವಾಗಿ ಬಂದು ಸೇರಿತು. ಮಧ್ಯಾಹ್ನವಾದರೆ ಕಿಟಕಿಗೆ ಕಂಬಳಿ ಹೊದಿಸುವುದು ನನ್ನ ಕೆಲಸ. ಈಗ ಇಲಾಖೆಯ ಭಯವಿಲ್ಲ, ಆದರೂ ಅಭ್ಯಾಸ. ನನಗೆ ಹಾಡು ಕೇಳಿಸುವುದಿಲ್ಲ. ಗಿಟಾರಿನ ಮರಕ್ಕೆ ಅಂಗೈ ಇಟ್ಟು ಕೂರುತ್ತೇನೆ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಡುತ್ತದೆ ಎಂದು ತಿಳಿಯುತ್ತದೆ. ಕೊನೆಯ ಪದದ ಮುಂಚೆ ಈಗಲೂ ನಿಲ್ಲಿಸುತ್ತಾಳೆ.

ಆ ರೆಕಾರ್ಡನ್ನು ಬಿಳಿ ಚುಕ್ಕಿಯಲ್ಲಿಟ್ಟು ಕೇಳುವ ಅದೃಷ್ಟ ಈ ಕಿವಿಗೆ ಇನ್ನಿಲ್ಲ. ನನಗಾಗಿ ಮರುಗಿ ಏನೂ ಬರೆಯಬೇಡ. ಅದನ್ನು ಹಾಡಿದ ದಿನ, ಬಾಗಿಲು ಹಾಕಿದ ಕೋಣೆಯಲ್ಲಿ, ಮೆಷಿನ್ನಿನ ಮುಂದೆ ಕೂತವನು ನಾನು. ಹುಟ್ಟಿದ ಹಾಗೆ, ಸರಿಯಾದ ವೇಗದಲ್ಲಿ, ಎಲ್ಲರಿಗಿಂತ ಮೊದಲು ಕೇಳಿದವನು ನಾನೊಬ್ಬನೇ. ಅವಳು ಎಂಥ ಹಾಡುಗಾರ್ತಿ ಎಂದು ನನಗೆ ಆವತ್ತೇ ಗೊತ್ತಿತ್ತು. ಊರಿಗೆ ತಿಳಿಸುವಾಗ ಕೈ ತಪ್ಪಿತು.

ಹಾಡುಗಳು ಒಂದು ಬದಿಗೆ ಆಗುವಷ್ಟಾಗಿವೆ, ಇನ್ನೊಂದು ಬದಿ ಬಾಕಿ. ಆ ಕಪಾಟಿನಲ್ಲಿ ಗುಬ್ಬಿಯ ಪಕ್ಕ ಸ್ವಲ್ಪ ಜಾಗ ಬಿಟ್ಟಿರಲು ನಿಮ್ಮ ಯಜಮಾನಿಯವರಿಗೆ ಹೇಳು. ಈ ಸಲ ಹೊದಿಕೆಯ ಮೇಲೆ ಅವಳ ಸ್ವಂತ ಹೆಸರೇ ಇರುತ್ತದಂತೆ. ಚಿತ್ರ ಮಾತ್ರ ನಾನು ಬರೆಯಕೂಡದಂತೆ.

ಇಂತಿ,
ಗುಬ್ಬಿಯ ಮೆಕ್ಯಾನಿಕ್